ರಕ್ತ ಹೀರೋ ಪಿಕ್ಚರ್ ಯಾಕ್ ನೋಡ್ತಿ?

ಗಾಂಧಿ ಚೌಕದಲ್ಲಿ ಚಹಾಕ್ಕೆ ನಿಂತಾಗೆಲ್ಲ ಗೆಳೆಯರದು ಇದೇ ಪ್ರಶ್ನೆ. ‘ಆ ರಕ್ತ ಹೀರೋ ಪಿಕ್ಚರ್‌ನ್ಯಾಗ ಏನ್ ಐತಿ ಅಂತ ನೋಡ್ತಿಲೇ?’ ಕೋರೆಹಲ್ಲು, ಶವಪೆಟ್ಟಿಗೆ, ಕರಿ ಕೋಟು ಎಲ್ಲ ನೋಡಿದ್ದೇ ಅಲ್ವಾ, ಅಂತ ಅವರ ವಾದ. ಇಷ್ಟು ದಿನ ಸುಮ್ನೆ ನಗುತ್ತಿದ್ದೆ. ಈಗ ಹೇಳಿಬಿಡುತ್ತೇನೆ: ನಾನು ನೋಡುವುದು ಬಾಗಿಲಿಗಾಗಿ.

ವ್ಯಾಂಪೈರ್‌ಗೆ ಅಂದರೆ ರಕ್ತ ಹೀರಿ ಬದುಕುವ ದೆವ್ವಕ್ಕೆ ಒಂದು ಹಳೆಯ ಕಟ್ಟಳೆ ಇದೆ. ಮನೆಯವರು ಕರೆಯದೆ ಅದು ಹೊಸ್ತಿಲು ದಾಟುವಂತಿಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಲ್ಲೇ ಈ ಮಾತು ಬರುತ್ತದೆ. ಬಿಸಿಲಿಗೆ ಸಾಯುವುದು ಆ ಕಾದಂಬರಿಯಲ್ಲಿಲ್ಲ, ಅಲ್ಲಿ ಡ್ರಾಕುಲಾ ಹಗಲಲ್ಲೇ ಲಂಡನ್‌ನಲ್ಲಿ ಓಡಾಡುತ್ತಾನೆ. ಬೆಳಕು ತಾಗಿ ಮಾಯವಾಗುವುದನ್ನು ತೋರಿಸಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. (ವಿಜಯಪುರದ ಏಪ್ರಿಲ್ ಬಿಸಿಲಿಗೆ ಮನುಷ್ಯರೇ ಕರಗುತ್ತಾರೆ, ಅದು ಬೇರೆ ಮಾತು.)

ಸರಿ, ಕರೆಯದೆ ಒಳಗೆ ಬಂದರೆ ಏನಾಗುತ್ತದೆ? ನನಗೆ ಉತ್ತರ ಸಿಕ್ಕಿದ್ದು 2008ರ ಸ್ವೀಡಿಷ್ ಸಿನಿಮಾ ‘ಲೆಟ್ ದಿ ರೈಟ್ ಒನ್ ಇನ್’ನಲ್ಲಿ. ನಿರ್ದೇಶಕ ಟೋಮಾಸ್ ಆಲ್ಫ್ರೆಡ್ಸನ್. ಸ್ಟಾಕ್‌ಹೋಮ್ ಅಂಚಿನ ಒಂದು ಬಡಾವಣೆ, ಎಲ್ಲಿ ನೋಡಿದರೂ ಹಿಮ. ಹನ್ನೆರಡು ವರ್ಷದ ಆಸ್ಕರ್‌ಗೆ ಶಾಲೆಯಲ್ಲಿ ಹುಡುಗರ ಕಾಟ. ಪಕ್ಕದ ಮನೆಗೆ ಬಂದ ಏಲಿ ಅವನದೇ ವಯಸ್ಸಿನ ಹುಡುಗಿಯಂತೆ ಕಾಣುತ್ತಾಳೆ, ಆದರೆ ವ್ಯಾಂಪೈರ್. ಇಬ್ಬರೂ ಗೋಡೆ ತಟ್ಟಿ ಮೋರ್ಸ್ ಕೋಡ್‌ನಲ್ಲಿ ಮಾತಾಡುತ್ತಾರೆ.

ಒಂದು ದಿನ ಏಲಿ ಅವನ ಬಾಗಿಲಲ್ಲಿ ನಿಂತು, ಒಳಗೆ ಕರಿ ಅನ್ನುತ್ತಾಳೆ. ಇವನು ಹುಡುಗಾಟಕ್ಕೆ ಕರೆಯುವುದಿಲ್ಲ. ಏಲಿ ಮಾತಿಲ್ಲದೆ ಹೊಸ್ತಿಲು ದಾಟಿ ಬಂದು ನಿಲ್ಲುತ್ತಾಳೆ. ಮೈಯಿಂದ, ಕಣ್ಣಿಂದ, ಕಿವಿಯಿಂದ ರಕ್ತ ಒಸರತೊಡಗುತ್ತದೆ. ಹುಡುಗ ಹೆದರಿ, ಬರಬಹುದು ಅಂತ ಕೂಗಿ ತಬ್ಬಿಕೊಳ್ಳುತ್ತಾನೆ. ಊರವರ ರಕ್ತ ಕುಡಿದವಳು ಇವನ ಒಂದು ಮಾತಿಗಾಗಿ ತನ್ನದನ್ನು ಸುರಿಸುತ್ತಾಳೆ. ಆ ದೃಶ್ಯವನ್ನು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದ್ದೇನೋ.

ನಮಗೇನು ಇದು ಹೊಸದಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ನೆನಪಿದೆಯಲ್ಲ? ದೆವ್ವ ಬರುತ್ತೆ, ಓದುತ್ತೆ, ವಾಪಸ್ ಹೋಗುತ್ತೆ. ಮರುದಿನವೂ ಅದೇ ಕಥೆ. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ ಪಾಪ! ಅಜ್ಜಿಯೂ ಹೇಳುತ್ತಿದ್ದಳು, ‘ರಾತ್ರಿ ಯಾರರೆ ಕರದ್ರ ಒಮ್ಮಿಗೇ ಓ ಅನಬ್ಯಾಡ. ಮೂರು ಸಲ ಕರೀಲಿ.’

ಹಾಗಂತ ನಮ್ಮ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ. ಆ ಸಿನಿಮಾ ಮೊದಲ ಸಲ ನೋಡಿದ ರಾತ್ರಿ ಕರೆಂಟ್ ಹೋಗಿತ್ತು. ಯಾರೋ ಬಾಗಿಲು ಬಡಿದರು. ನಾನು ಉಸಿರು ಬಿಗಿಹಿಡಿದು ಎರಡನೇ ಸಲಕ್ಕೆ ಕಾಯುತ್ತಿದ್ದೆ. ಅಷ್ಟರಲ್ಲಿ ಅವ್ವ, ಯಾರು ಅಂತಲೂ ಕೇಳದೆ, ಅಡುಗೆಮನೆಯಿಂದಲೇ ಕೂಗಿದಳು: ‘ಬರ್ರಿ, ಒಳಗ ಬರ್ರಿ. ಚಾ ಇಡ್ತೀನಿ.’