ನೋಯದ ಸುಟ್ಟಗಾಯ

1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಚರ್ಮವನ್ನು ಎರಡು ಸಲ ಓದಬೇಕಿತ್ತು. ಮೊದಲು ಸೂಕ್ಷ್ಮದರ್ಶಕದ ಕೆಳಗೆ, ಗುಲಾಬಿ-ನೇರಳೆ ಪಟ್ಟಿಯಾಗಿ. ಆಮೇಲೆ ಕೆ.ಆರ್. ಆಸ್ಪತ್ರೆಯಲ್ಲಿ, ಸುಟ್ಟುಕೊಂಡು ಬಂದವರ ಮೈಮೇಲೆ. ಮೊದಲನೆಯ ಪಾಠ ತಲೆಗೆ ಹತ್ತಿದ್ದು ಎರಡನೆಯದರಿಂದಲೇ.

ಮೇಲೆ ಹೊರಚರ್ಮ, ಅದರಡಿ ಒಳಚರ್ಮ, ಇನ್ನೂ ಕೆಳಗೆ ಕೊಬ್ಬು. ಹೊರಚರ್ಮದಲ್ಲಿ ರಕ್ತನಾಳವೇ ಇಲ್ಲ. ಬುಡದ ಸಾಲಿನಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಸುಮಾರು ನಾಲ್ಕು ವಾರದಲ್ಲಿ ಹೊಟ್ಟಾಗಿ ಉದುರುತ್ತದೆ. ಪರೀಕ್ಷೆಗೆಂದು ಅಂಗೈ ಚರ್ಮದ ಐದು ಪದರಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆ: ಕೂದಲ ಬುಡ, ಬೆವರು ಗ್ರಂಥಿ ಎಷ್ಟು ಆಳಕ್ಕೆ ಇಳಿದಿವೆ? ಅವುಗಳ ಗೋಡೆಯಲ್ಲೂ ಹೊರಚರ್ಮದ ಕೋಶಗಳಿವೆ. ಮೇಲ್ಪದರ ಸುಟ್ಟರೂ ಈ ಕುಳಿಗಳಿಂದ ಚರ್ಮ ಮತ್ತೆ ಚಿಗುರುತ್ತದೆ, ಕಬ್ಬು ಕಡಿದ ಮೇಲೆ ಕೂಳೆ ಚಿಗುರಿದ ಹಾಗೆ. ಬುಡವೇ ಬೆಂದರೆ ಕೂಳೆ ಬರುವುದಿಲ್ಲ, ಹೊಸದಾಗಿ ನಾಟಿ ಮಾಡಬೇಕು.

ಹಾಗಾಗಿ ಸುಟ್ಟಗಾಯದಲ್ಲಿ ಮೊದಲು ನೋಡುವುದು ಆಳ. ಗುಳ್ಳೆ ಎದ್ದು, ಒದ್ದೆಯಾಗಿ, ಒತ್ತಿದರೆ ಬಿಳಿಚಿ ಮತ್ತೆ ಕೆಂಪಾಗುವ, ವಿಪರೀತ ಉರಿಯುವ ಗಾಯ ಎರಡು-ಮೂರು ವಾರದಲ್ಲಿ ಮಾಯುತ್ತದೆ. ಚರ್ಮ ಬೆಳ್ಳಗೆ ಅಥವಾ ಕಂದಾಗಿ, ತೊಗಲಿನಂತೆ ಗಡುಸಾಗಿದ್ದು, 'ನೋವೇ ಇಲ್ಲ ಸಾ' ಅಂದರೆ ಗಾಬರಿಯಾಗಬೇಕಾದದ್ದು ಆಗಲೇ. ನೋವು ತಿಳಿಸುವ ನರದ ತುದಿಗಳೇ ಸುಟ್ಟಿರುತ್ತವೆ.

60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಆಳಕ್ಕೆ ಸುಡಲು ಐದಾರು ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅಷ್ಟೂ ಬೇಡ. ಮಂಡ್ಯ ಕಡೆಯ ಆಲೆಮನೆ ಪಾಕ ಇನ್ನೂ ಕೆಟ್ಟದ್ದು. ಕೊಪ್ಪರಿಗೆಯಲ್ಲಿ ಅದರ ಬಿಸಿ 100 ಡಿಗ್ರಿ ದಾಟಿರುತ್ತದೆ, ನೀರಿನಂತೆ ಹರಿದು ಹೋಗದೆ ಅಂಟಿಕೊಂಡು ಬೇಯಿಸುತ್ತದೆ.

ಗಾಯದ ನಡುಭಾಗ ಸತ್ತಿರುತ್ತದೆ. ಅಂಚಿನ ಕೆಂಪು ತಾನಾಗಿ ಚೇತರಿಸುತ್ತದೆ. ಇವೆರಡರ ನಡುವೆ ಬಳೆಯಂತೆ ಸುತ್ತಿರುವ ಚರ್ಮದಲ್ಲಿ ರಕ್ತದ ಓಟ ಕುಂಟುತ್ತಿರುತ್ತದೆ, ಒಂದೆರಡು ದಿನದಲ್ಲಿ ಅದು ಉಳಿಯಲೂಬಹುದು, ಸಾಯಲೂಬಹುದು. ನಲ್ಲಿ ನೀರು ಬೇಕಾಗಿರುವುದು ಆ ನಡುಸುತ್ತಿಗೆ. 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಸುಟ್ಟು ಮೂರು ಗಂಟೆಯೊಳಗೆ ಬಿಟ್ಟರೂ ಉಪಯೋಗವುಂಟು. ಐಸ್ ಬೇಡ, ರಕ್ತನಾಳ ಇನ್ನಷ್ಟು ಮುದುಡುತ್ತದೆ. ಪೇಸ್ಟ್, ಇಂಕು, ಅರಿಶಿನ ಬಳಿದು ತಂದರೆ ಆಳ ನೋಡಲು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ಯಾತನೆ ಬೇರೆ. ಬಳೆ, ಉಂಗುರ, ಉಡಿದಾರವನ್ನು ಊತ ಬರುವ ಮೊದಲೇ ತೆಗೆಯಿರಿ. ಅಂಟಿದ ಬಟ್ಟೆಯನ್ನು ಕೀಳದೆ ಸುತ್ತ ಕತ್ತರಿಸಿ. ಮಗುವಾದರೆ ಗಾಯವನ್ನಷ್ಟೇ ತಣಿಸಿ, ಉಳಿದ ಮೈಗೆ ಕಂಬಳಿ ಹೊದಿಸಿ.

ಡ್ರಿಪ್‌ನಲ್ಲಿ ಎಷ್ಟು ದ್ರವ ಕೊಡಬೇಕೆಂಬ ಲೆಕ್ಕದಲ್ಲಿ ನಾವು ತಪ್ಪುತ್ತಿದ್ದುದು ಎರಡು ಕಡೆ. ಮೈಯಲ್ಲಿ ಶೇಕಡಾ ಎಷ್ಟು ಸುಟ್ಟಿದೆ ಎಂದು ಎಣಿಸುವಾಗ ಬರೀ ಕೆಂಪಾದ ಚರ್ಮವನ್ನೂ ಸೇರಿಸುತ್ತಿದ್ದೆವು. ರೋಗಿಯ ಬೆರಳು ಸಮೇತ ಅಂಗೈ ಅಂದರೆ ಮೈಚರ್ಮದ ಸುಮಾರು ಶೇ. 1, ಗುಳ್ಳೆ ಎದ್ದ ಅಥವಾ ಅದಕ್ಕಿಂತ ಆಳಕ್ಕೆ ಸುಟ್ಟ ಜಾಗಕ್ಕೆ ಮಾತ್ರ ಎಣಿಕೆ. ಇನ್ನೊಂದು ಸಮಯ. ತೂಕ 50 ಕೆ.ಜಿ., ಸುಟ್ಟದ್ದು ಶೇ. 30 ಆದರೆ, ಪ್ರತಿ ಕೆ.ಜಿ.ಗೆ, ಸುಟ್ಟ ಪ್ರತಿ ಶೇಕಡಾಕ್ಕೆ 4 ಮಿ.ಲೀ.ನಂತೆ ಮೊದಲ ದಿನಕ್ಕೆ 6 ಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವ. ಅರ್ಧ ಮೊದಲ 8 ಗಂಟೆಯಲ್ಲಿ ಹೋಗಬೇಕು, ಆದರೆ ಗಡಿಯಾರ ಶುರುವಾಗುವುದು ಸುಟ್ಟ ಗಳಿಗೆಯಿಂದ, ವಾರ್ಡಿಗೆ ಬಂದಾಗಿನಿಂದಲ್ಲ. ದಾರಿಯಲ್ಲೇ ಮೂರು ಗಂಟೆ ಕಳೆದಿದ್ದರೆ ಉಳಿದ ಐದರಲ್ಲಿ ಗಂಟೆಗೆ 600 ಮಿ.ಲೀ. ಓಡಿಸಬೇಕು. ಅದಾದ ಮೇಲೆ ಸೂತ್ರಕ್ಕಿಂತ ಮೂತ್ರವನ್ನೇ ನಂಬಬೇಕು: ಈ 50 ಕೆ.ಜಿ.ಯವರಿಗೆ ಗಂಟೆಗೆ 25 ಮಿ.ಲೀ.ಗಿಂತ ಕಡಿಮೆಯಾದರೆ ಡ್ರಿಪ್ ಹೆಚ್ಚಿಸಬೇಕು.

ಬುಡವೇ ಬೆಂದ ಗಾಯಕ್ಕೆ ಚರ್ಮ ನಾಟಿ ಮಾಡಲು ತೊಡೆಯಿಂದ ಮಿಲಿಮೀಟರಿನ ಕಾಲುಭಾಗದಷ್ಟು ತೆಳುವಾಗಿ ಚರ್ಮ ಹೆರೆಯುತ್ತಾರೆ. ಕುಳಿಗಳು ಉಳಿದಿರುವುದರಿಂದ ತೊಡೆ ಎರಡು ವಾರದಲ್ಲಿ ಮಾಯುತ್ತದೆ. ಮತ್ತದೇ ಕೂಳೆ. ಕುತ್ತಿಗೆ ಸುಟ್ಟವರಿಗೆ ಮಾತ್ರ ಮನೆಯವರು ಎಷ್ಟು ಕೇಳಿಕೊಂಡರೂ ದಿಂಬು ಕೊಡುವುದಿಲ್ಲ; ತಲೆ ಮುಂದಕ್ಕೆ ಬಾಗಿದ್ದರೆ ಕಲೆ ಸೆಳೆದುಕೊಂಡು ಗಲ್ಲ ಎದೆಗೆ ಕಚ್ಚಿಬಿಡುತ್ತದೆ.