ಮಸುಕು ಗೆರೆ

2020 ಮೇ 3, ಭಾನುವಾರ, ರಾತ್ರಿ

ಬೆರಳ ತುದಿ ಇನ್ನೂ ಚುರುಗುಡ್ತಿದೆ. ದಿನಾ ಎಷ್ಟೋ ಜನಕ್ಕೆ ಸೂಜಿ ಚುಚ್ಚೋ ಕೈ, ತನ್ನ ಸರದಿ ಬಂದಾಗ ಹಿಂದಕ್ಕೆ ಸರೀತು. ನನಗೇ ನಗು.

ಕೋವಿಡ್ ಬಂದು ಹೋಗಿದೆಯಾ ಅಂತ ರಕ್ತದಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ತಯಾರಿಸೋ ಪ್ರೋಟೀನ್) ಹುಡುಕೋ ಕಿಟ್. ಒಂದು ಹನಿ ರಕ್ತ, ಅದರ ಮೇಲೆ ಬಫರ್ ದ್ರವ, 15 ನಿಮಿಷ. ನೋಡೋಕೆ ಥೇಟ್ ಪ್ರೆಗ್ನೆನ್ಸಿ ಕಿಟ್. 'ಸಿ' ಪಕ್ಕ ಗೆರೆ ಬಂತು. ಕಿಟ್ ಕೆಟ್ಟಿಲ್ಲ ಅಂತಷ್ಟೇ ಅದರರ್ಥ. ಐಜಿಎಂ, ಅಂದ್ರೆ ಸೋಂಕಿನ ಶುರುವಿನಲ್ಲಿ ಬರೋ ಪ್ರತಿಕಾಯದ ಜಾಗ, ಖಾಲಿ. ಸೋಂಕು ಹೋದ ಮೇಲೂ ಉಳಿಯೋ ಐಜಿಜಿ ಹತ್ರ ಗೆರೆ ಇದೆಯೋ ಇಲ್ಲವೋ... ಕಿಟಕಿ ಬೆಳಕಿಗೆ ಹಿಡಿದೆ. ನಮ್ಮ ವಾರ್ಡಿನ ಹಿರಿಯ ನರ್ಸ್ ಅಕ್ಕ ಕನ್ನಡಕ ಏರಿಸಿ ನೋಡಿ, "ಇದೆ ಕಣೇ, ಮಸುಕಾಗಿ" ಅಂದ್ರು.

ಎದೆ ಹಗುರಾಯ್ತು. ಇನ್ನು ಮಗಳನ್ನ ಪಕ್ಕದಲ್ಲಿ ಮಲಗಿಸ್ಕೋಬಹುದು!

ಲ್ಯಾಬ್ ಹುಡುಗ ತಣ್ಣೀರೆರಚಿದ. "ಸಿಸ್ಟರ್, ನೂರು ಜನರಲ್ಲಿ ಐದೇ ಜನಕ್ಕೆ ಸೋಂಕು ಬಂದು ಹೋಗಿದೆ ಅಂದ್ಕೊಳ್ಳಿ. ಐದು ಗೆರೆ ನಿಜ. ಉಳಿದ 95 ಜನರಲ್ಲಿ, ನೂರಕ್ಕೆ ಐದರ ಲೆಕ್ಕದಲ್ಲಿ ಕಿಟ್ ತಪ್ಪಿದ್ರೂ ಇನ್ನೊಂದೈದು ಗೆರೆ. ನಿಮ್ಮದು ಯಾವ ಐದರಲ್ಲಿ?"

ಅಷ್ಟರಲ್ಲಿ ಮೇಲಿನವರೊಬ್ಬರು ಬಂದು, ಗೆರೆ ಬಂದವರನ್ನೆಲ್ಲ ಕೋವಿಡ್ ವಾರ್ಡಿಗೇ ಹಾಕಿದ್ರೆ ಪಿಪಿಇ ಉಳಿಯುತ್ತೆ ಅಂದ್ರು. ಪ್ರತಿಕಾಯ ಇದ್ದವರಿಗೆ ಮತ್ತೆ ಸೋಂಕು ಬರಲ್ಲ ಅನ್ನೋಕೆ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್ 24ಕ್ಕೇ ಹೇಳಿದೆ. ಅಕ್ಕ ಅದನ್ನೆಲ್ಲ ಎತ್ತಲಿಲ್ಲ. "ಗೆರೇನ ಮೂಗಿಗೆ ಕಟ್ಕೊಂಡು ಹೋಗಕ್ಕಾಗುತ್ತಾ ಸಾರ್? ಎನ್95 ಕೊಡಿ" ಅಂದ್ರು. ನಾವೆಲ್ಲ ಮಾಸ್ಕ್ ಒಳಗೇ ನಕ್ಕಿದ್ದು.

ಪಾಪ, ನೈಟ್ ಡ್ಯೂಟಿ ಹುಡುಗಿ. ಮೂರು ದಿನದಿಂದ ಜ್ವರ, ಗೆರೆ ಬರಲಿಲ್ಲ ಅಂತ ಕುಣೀತಿದ್ಳು. ಪ್ರತಿಕಾಯ ಕಾಣಿಸ್ಕೊಳ್ಳೋಕೆ ವಾರವೋ ಎರಡು ವಾರವೋ ಬೇಕು. ಇವತ್ತಿನ ಜ್ವರಕ್ಕೆ ಈ ಕಿಟ್ ಉತ್ತರ ಕೊಡಲ್ಲ. ವೈರಸ್ ಈಗ ಮೈಯಲ್ಲಿದೆಯಾ ಅಂತ ನೋಡೋ ಪಿಸಿಆರ್ ಪರೀಕ್ಷೆಗೆ ಸ್ವ್ಯಾಬ್ ಕೊಡಿಸಿ ಮನೆಗೆ ಕಳಿಸಿದ್ವಿ.

ಮಗಳು ಬಾಗಿಲಾಚೆ ನಿಂತು "ಇವತ್ತೂ ಬೇರೆ ರೂಮಾ?" ಅಂದ್ಳು. ಹ್ಞೂಂ ಅಂದೆ.

ನಿದ್ದೆ ಇಲ್ಲ. ಗೆರೆ ಸುಳ್ಳಾದ್ರೆ ಬಿಡು, ಇದ್ದ ಹಾಗೇ ಇರ್ತೀನಿ. ನಿಜವಾದ್ರೆ? ಮಾರ್ಚ್ ಕೊನೆಯಲ್ಲಿ ನಾಲ್ಕು ದಿನ ಮೈಕೈ ನೋವು ಬಂದಿತ್ತಲ್ಲ, ದಣಿವು ಅಂದ್ಕೊಂಡು ಪ್ಯಾರಾಸಿಟಮಾಲ್ ನುಂಗಿ ಡ್ಯೂಟಿಗೆ ಹೋಗಿದ್ದೆ. ಆಗ ಜನರಲ್ ವಾರ್ಡು. ಬರೀ ಬಟ್ಟೆ ಮಾಸ್ಕ್. ಕಿಟಕಿ ಪಕ್ಕದ ಹಾಸಿಗೆ ಅಜ್ಜನಿಗೆ ಡ್ರೆಸಿಂಗ್ ಮಾಡಿದ್ದೆ, ಎದುರಿನ ಬಾಣಂತಿಯ ಬಿಪಿ ನೋಡಿದ್ದೆ, ಅದರಾಚೆ ಹಾಸಿಗೇಲಿ ಯಾರಿದ್ರು...