ಮೂರನೆಯವರು ಸೇರಿದಾಗಲೇ ಸರ್ವರ್‌ನ ಪರೀಕ್ಷೆ

ಕಲಬುರಗಿಯ ನಮ್ಮ ತರಬೇತಿ ಸಂಸ್ಥೆಯ ಪಾಠಗಳು ಆಳಂದ, ಚಿಂಚೋಳಿ, ಜೇವರ್ಗಿ ಕೇಂದ್ರಗಳಿಗೆ ತಲುಪುವುದು ವಿಡಿಯೋ ಕರೆಯ ತಂತ್ರಾಂಶವಾದ ಜಿಟ್ಸಿ ಮೀಟ್‌ನ, ನಾವೇ ನಡೆಸುವ ಸರ್ವರ್ ಮೂಲಕ. ಏಪ್ರಿಲ್-ಮೇ ಬಿಸಿಲಲ್ಲಿ ಬಸ್ ಹತ್ತಿ ಬನ್ನಿ ಅಂತ ಮಕ್ಕಳಿಗೆ ಹೇಳೋಕಾಗಲ್ಲ. ಕರೆ ಕೆಟ್ಟರೆ ಅವತ್ತಿನ ಪಾಠ ಹೋಯಿತು ಅಂತಲೇ ಲೆಕ್ಕ.

ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಇದನ್ನು ಎಬ್ಬಿಸುವುದು ಕಷ್ಟವಲ್ಲ. ವೆಬ್ (ಪುಟ), ಪ್ರೊಸೊಡಿ (ಸಂದೇಶ), ಜಿಕೋಫೋ (ಕರೆಯ ನಿರ್ವಹಣೆ), ಜೆವಿಬಿ (ವಿಡಿಯೋ, ದನಿಯ ಹಂಚಿಕೆ) ಎಂಬ ನಾಲ್ಕು ಕಂಟೇನರ್‌ಗಳು ಒಂದೇ ಆಜ್ಞೆಗೆ ಏಳುತ್ತವೆ. ಗೊಂದಲ ಶುರುವಾಗುವುದು ಆಮೇಲೆ. ತಂಡಕ್ಕೆ ಹೊಸದಾಗಿ ಬಂದ ಹುಡುಗ ಹೇಳಿದ: "ಸರ, ಇಬ್ಬರಿದ್ರ ಛಲೋ ನಡೀತದ್ರಿ. ಮೂರನೆಯವರು ಬಂದ್ರ ಯಾರ ಮಾರಿನೂ ಕಾಣಂಗಿಲ್ರಿ."

ಅವನು ನೋಡಿದ್ದು ಸರಿಯಾಗಿಯೇ ಇತ್ತು. ಇಬ್ಬರೇ ಇದ್ದಾಗ ಸಾಧ್ಯವಾದಷ್ಟೂ ಬ್ರೌಸರ್‌ಗಳು ನೇರವಾಗಿ ಮಾತಾಡಿಕೊಳ್ಳುತ್ತವೆ, ವಿಡಿಯೋ ನಮ್ಮ ಸರ್ವರ್ ಮುಟ್ಟುವುದೇ ಇಲ್ಲ. ಮೂರನೆಯವರು ಸೇರಿದ ಕೂಡಲೇ ಅದು ಜೆವಿಬಿ ಕಡೆ ತಿರುಗುತ್ತದೆ. ಯುಡಿಪಿ, ಟಿಸಿಪಿ ಅನ್ನುವುದು ಡೇಟಾ ಕಳಿಸುವ ಎರಡು ವಿಧಾನ, ಪೋರ್ಟ್ ಅಂದರೆ ಅದು ಒಳಬರುವ ಬಾಗಿಲು. ಜೆವಿಬಿ ಕಾಯುವುದು ಯುಡಿಪಿ 10000ನೇ ಪೋರ್ಟ್‌ನಲ್ಲಿ. ಪುಟ, ಚಾಟ್, ಹೆಸರುಗಳು ಬರುವುದು ಟಿಸಿಪಿ 443ರಲ್ಲಿ. ಫೈರ್‌ವಾಲ್‌ನಲ್ಲಿ 443 ಮಾತ್ರ ತೆರೆದಿದ್ದರೆ ಎಲ್ಲರ ಹೆಸರು ಕಾಣುತ್ತದೆ, ಮುಖ ಕಾಣುವುದಿಲ್ಲ.

ಪೋರ್ಟ್ ತೆರೆದರೂ ಸಾಲದು. ಕಂಟೇನರ್ ಒಳಗಿನ ಜೆವಿಬಿಗೆ ತಾನಾಗಿ ಗೊತ್ತಿರುವುದು ಡಾಕರ್ ಕೊಟ್ಟ ಒಳವಿಳಾಸ. ಅದನ್ನೇ ಚಿಂಚೋಳಿಯ ಮೊಬೈಲ್‌ಗೆ ಹೇಳಿದರೆ ಆ ಮೊಬೈಲ್ ಎಲ್ಲಿ ಹುಡುಕಬೇಕು? ಸೆಟ್ಟಿಂಗ್‌ಗಳನ್ನು ಬರೆದಿಡುವ ಎನ್ವಿ ಫೈಲ್‌ನಲ್ಲಿ 'ಜೆವಿಬಿ ಅಡ್ವರ್ಟೈಸ್ ಐಪೀಸ್' (JVB_ADVERTISE_IPS) ಅನ್ನುವ ಸಾಲು ಇರುವುದು ಇದಕ್ಕೇ. ನಮ್ಮ ಸರ್ವರ್ ಕಚೇರಿಯ ರೂಟರ್ ಹಿಂದೆ ಇರುವುದರಿಂದ ಅಲ್ಲಿ ಎರಡು ವಿಳಾಸ ಬರೆದಿದ್ದೇವೆ: ಹೊರಗಿನವರಿಗೆ ಪಬ್ಲಿಕ್ ಐಪಿ, ಒಳಗೆ ಕೂತವರಿಗೆ ಕಚೇರಿಯ ಐಪಿ. ಇನ್ನು ಯುಡಿಪಿಯನ್ನೇ ಬಿಡದ ನೆಟ್‌ವರ್ಕ್‌ಗಳೂ ಇವೆ. ಅಂಥ ಕೇಂದ್ರಗಳಿಗೆ ನಡುವೆ ನಿಂತು ವಿಡಿಯೋ ದಾಟಿಸುವ, 443ರಲ್ಲೇ ಓಡುವ ಟರ್ನ್ ಸರ್ವರ್ ಬೇಕೇ ಬೇಕು.

ಈಗ ಏನೇ ಬದಲಾವಣೆ ಏರಿಸಿದರೂ ಮೂವರು ಸೇರಿ ನೋಡುತ್ತೇವೆ, ಅದರಲ್ಲಿ ಒಬ್ಬರು ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ. ಕಾನ್ಫಿಗ್‌ನಲ್ಲಿ ನೇರ ಸಂಪರ್ಕ ನಿಲ್ಲಿಸಿ ಇಬ್ಬರೇ ಪರೀಕ್ಷಿಸಬಹುದು, ನಿಜ. ಆದರೆ ಪಾಠ ನಡೆಯುವುದು ಹಾಗಲ್ಲವಲ್ಲ, ನನಗೆ ಮೂವರೇ ಬೇಕು.

ಬಿಲ್ಡ್, ಅಂದರೆ ಕೋಡನ್ನು ಬಳಕೆಗೆ ಸಿದ್ಧಗೊಳಿಸುವ ಕೆಲಸ ಕೂಡ ಕಂಟೇನರ್‌ನಲ್ಲೇ ಮಾಡುತ್ತೇವೆ. ಕನ್ನಡದ ಸಾಲುಗಳು, ಸಂಸ್ಥೆಯ ಲೋಗೋ ಸೇರಿಸಲು ವೆಬ್ ಭಾಗವನ್ನು ಮತ್ತೆ ಕಟ್ಟಬೇಕಾಗುತ್ತದೆ. ಬಿಲ್ಡ್ ಓಡಿಸುವ ನೋಡ್ ತಂತ್ರಾಂಶದ ಆವೃತ್ತಿ ಎಲ್ಲರಲ್ಲೂ ಒಂದೇ ಇರುವುದರಿಂದ 'ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗುತ್ತೆ' ಅನ್ನುವ ವಾದ ನಿಂತಿದೆ. ಆದರೆ ಕೋಡನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ ಮೆಮೊರಿ, ಸಿಪಿಯು ಎರಡನ್ನೂ ಬಕಬಕ ತಿನ್ನುತ್ತದೆ. ಕರೆ ನಡೆಯುವ ಯಂತ್ರದಲ್ಲೇ ಬಿಲ್ಡ್ ಹಚ್ಚಿದರೆ ಮೇಷ್ಟ್ರ ದನಿ ತುಂಡು ತುಂಡಾಗುತ್ತದೆ. ಹಾಗಾಗಿ ಬಿಲ್ಡ್‌ಗೆ ಬೇರೆ ಯಂತ್ರ ಇಟ್ಟಿದ್ದೇವೆ.

ಕಂಟೇನರ್ ಹುಟ್ಟುವ ಅಚ್ಚಿಗೆ ಇಮೇಜ್ ಅಂತಾರೆ. ಸಂಖ್ಯೆ ಹೇಳದ 'ಲೇಟೆಸ್ಟ್' ಟ್ಯಾಗ್ (ಗುರುತು) ನಾವು ಬಳಸುವುದಿಲ್ಲ. ನಾಲ್ಕೂ ಇಮೇಜ್‌ಗಳು ಒಂದೇ ಸ್ಟೇಬಲ್ ಸಂಖ್ಯೆಯವು ಇರಬೇಕು. ಹಿಂದಿನ ಸಂಖ್ಯೆಯ ಇಮೇಜ್‌ಗಳನ್ನು ಅಳಿಸದೆ ಇಟ್ಟರೆ, ಬೆಳಗಿನ ಪಾಠಕ್ಕೆ ಮುಂಚೆ ಎನ್ವಿ ಫೈಲ್‌ನಲ್ಲಿ ಒಂದು ಸಾಲು ತಿದ್ದಿ ಹಿಂದಕ್ಕೆ ಹೋಗಬಹುದು.